ನಾಲ್ಕು ಕೊಂಬಿನ ಚೀಲ

ಹೆರಿಯಜ್ಜಯ್ಯ ನೀರಿಗಿಳಿದರೆ ಕಾಲೆತ್ತಿ ಇಡುತ್ತಿರಲಿಲ್ಲ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ದಿನಾ ಬೆಳಿಗ್ಗೆ ಮೊಣಕಾಲುದ್ದ ನೀರಿನವರೆಗೆ ಹೋಗಿಬರುವುದು ಅವರ ರೂಢಿ. ಹೋಗುವಾಗ ಎರಡೂ ಪಾದಗಳನ್ನು ಮರಳಿಗೆ ಒತ್ತಿ ಎಳೆದುಕೊಂಡೇ ಹೋಗುವರು. ಬರುವಾಗಲೂ ಹಾಗೆಯೇ. ಅವರ ಹಿಂದೆ ನೀರು ಕದಡಿ ಎರಡು ಗೆರೆ ಏಳುತ್ತಿತ್ತು. ಎಪ್ಪತ್ತು ದಾಟಿದ ಜೀವ, ಮಂಡಿನೋವಿರಬೇಕು ಎಂದು ನೋಡಿದವರು ಅಂದುಕೊಳ್ಳುವರು. ದಡ ಹತ್ತಿದ ಮೇಲೆ ಅಜ್ಜಯ್ಯ ಎಲ್ಲರಂತೆ ಕಾಲೆತ್ತಿಯೇ ನಡೆಯುತ್ತಿದ್ದರು.

ಅಜ್ಜಯ್ಯನ ಆಶ್ರಮ ಎಂದರೆ ಗಾಳಿಮರಗಳ ನಡುವೆ ಒಂದು ಹಂಚಿನ ಮನೆ, ಒಂದು ಬಾವಿ, ಕೂರಲು ಹಳೆಯ ದೋಣಿಯೊಂದರ ಹಲಗೆ. ಅಷ್ಟೇ.

ಸೀತು ಬಂದ ಹೊಸತರಲ್ಲಿ ಕಾಲೆಳೆಯುವುದೂ ಒಂದು ಸಾಧನೆ ಎಂದು ತಿಳಿದು ಒಂದು ತಿಂಗಳು ತಾನೂ ಎಳೆದಳು. ಆಮೇಲೆ, ಇದರಿಂದ ಮನಸ್ಸಿಗೆ ಏನಾಗುತ್ತದೆ ಎಂದು ಕೇಳಿದಳು.

"ಮನಸ್ಸಿಗೆ ಎಂತದೂ ಆಗುವುದಿಲ್ಲ," ಎಂದರು ಅಜ್ಜಯ್ಯ. "ಮರಳಿನ ಅಡಿಯಲ್ಲಿ ತೊರಕೆ ಮೀನು ಚಪ್ಪಟೆಯಾಗಿ ಮಲಗಿರ್ತದೆ. ನಾನು ಬರ್ತಾ ಇದ್ದೇನೆ ಅಂತ ಅದಕ್ಕೆ ಗೊತ್ತಾಗಬೇಕು. ಗೊತ್ತಾದರೆ ಸರಿದು ಹೋಗ್ತದೆ."

"ಗೊತ್ತಾಗದಿದ್ದರೆ?"

"ಮೆಟ್ಟಿದವನಿಗೆ ಬಾಲದ ಮುಳ್ಳು ಚುಚ್ತದೆ. ಊರಿಡೀ ಬಂದು ವಿಚಾರಿಸ್ತದೆ. ಮೆಟ್ಟಿಸಿಕೊಂಡದ್ದಕ್ಕೆ ಎಂತ ಆಯ್ತು ಅಂತ ಯಾರೂ ಕೇಳುವುದಿಲ್ಲ."

ಸೀತು ಅಲ್ಲಿಗೆ ಶಾಂತಿ ಹುಡುಕಿಕೊಂಡು ಬಂದವಳಲ್ಲ. ಸಿಟ್ಟು ಹೊತ್ತುಕೊಂಡು ಬಂದಿದ್ದಳು. ಅದನ್ನು ಇಳಿಸುವ ಮನಸ್ಸೂ ಅವಳಿಗಿರಲಿಲ್ಲ.

ಅವಳ ಅಣ್ಣ ಶೀನ, ಆಳಕಡಲಿಗೆ ಹೋಗುವ ದೊಡ್ಡ ಬೋಟಿನ ತಾಂಡೇಲ. ಬೋಟು ನಡೆಸುವವನೂ ಅವನೇ, ಬಲೆ ಎಲ್ಲಿಗೆ ಬೀಳಬೇಕು ಎಂದು ಹೇಳುವವನೂ ಅವನೇ. ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ ಸೀತು ಉಳಿದ ಹೆಂಗಸರ ಜೊತೆ ಕೂತು ಮೀನು ಬೇರ್ಪಡಿಸುತ್ತಿದ್ದಳು. ಒಂದು ದಿನ ರಾಶಿಯ ಅಡಿಯಿಂದ ಕೊಡೆಯಷ್ಟು ಅಗಲದ ತೊರಕೆ ಹೊರಬಂತು. ದಡದ ತೊರಕೆಯಲ್ಲ, ಬಹಳ ಕೆಳಗಿನ ತಣ್ಣೀರಿನದು. ಕಪ್ಪು ಮೈ, ಬೆನ್ನುದ್ದಕ್ಕೂ ಮುಳ್ಳಿನ ಸಾಲು. ಕೊನೆಯ ಬಲೆಯಲ್ಲಿ ಸಿಕ್ಕಿದ್ದರಿಂದ ಇನ್ನೂ ಜೀವವಿತ್ತು. ಕಣ್ಣುಗಳ ಹಿಂದಿನ ಎರಡು ತೂತು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಬಾಲದ ಬುಡದಲ್ಲಿ ಅಂಗೈಯಷ್ಟು ದೊಡ್ಡ ಕಂದು ಚೀಲವೊಂದು ಅರ್ಧ ಹೊರಬಂದು ನಿಂತಿತ್ತು.

ಅದು ಹೆರುತ್ತಿದೆ, ನೀರಿಗೆ ಬಿಡಣ್ಣ ಎಂದು ಸೀತು ಹೇಳಿದಳು.

ಶೀನ ಇಡೀ ಧಕ್ಕೆಗೆ ಕೇಳುವ ಹಾಗೆ ನಕ್ಕ. ನನ್ನ ತಂಗಿಯ ಕೈಗೆ ಬೋಟು ಕೊಟ್ಟರೆ ಕಡಲಿಗೆ ಹೋಗಿ ಮೀನಿಗೆ ಬಾಣಂತನ ಮಾಡಿ ಬರುತ್ತಾಳೆ ಎಂದ. ಹೆಂಗಸರೂ ನಕ್ಕರು. ಅವನು ಕೊಕ್ಕೆಯನ್ನು ಅದರ ಕಣ್ಣುಗಳ ನಡುವೆ ಹಾಕಿ, ಅವಳ ಕಾಲ ಮೇಲಿಂದಲೇ ಎಳೆದುಕೊಂಡು ಹೋದ. ಚೀಲ ಕಿತ್ತು ಸಿಮೆಂಟಿನ ಮೇಲೆ ಉಳಿಯಿತು. ಯಾರೋ ಅದನ್ನು ಮೆಟ್ಟಿದರು.

ಅವತ್ತೇ ಸೀತು ಮನೆ ಬಿಟ್ಟಳು. ಅಣ್ಣನ ಜೊತೆ ಮಾತು ಬಿಟ್ಟಳು.

ಹೆರಿಯಜ್ಜಯ್ಯನ ಬಳಿಗೇ ಬರಲು ಕಾರಣವಿತ್ತು. ಅವರೂ ಒಂದು ಕಾಲದ ದೊಡ್ಡ ತಾಂಡೇಲ. ಶೀನನೂ ಮೊದಲ ಎರಡು ವರ್ಷ ಅವರ ಬೋಟಿನಲ್ಲೇ ಇದ್ದವನು. ಕೈ ತುಂಬ ಮೀನು ಸಿಗುವ ಕಾಲದಲ್ಲೇ ಅಜ್ಜಯ್ಯ ಒಂದು ದಿನ ಬೋಟಿನಿಂದ ಇಳಿದವರು ಮತ್ತೆ ಹತ್ತಲಿಲ್ಲ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಉಳಿದವರ ಕೆಲಸ ನೋಡಿ ಅಸಹ್ಯಪಟ್ಟಿರಬೇಕು ಎಂದು ಸೀತು ತನಗೆ ತಾನೇ ಹೇಳಿಕೊಂಡಿದ್ದಳು. ಅವರ ಹೆಸರು ಬಂದರೆ ಬಂದರಿನಲ್ಲಿ ಈಗಲೂ ದನಿ ತಗ್ಗುತ್ತಿತ್ತು.

ನೀವು ಒಮ್ಮೆ ಬಂದು ನಮ್ಮ ಅಣ್ಣನಿಗೆ ನಾಲ್ಕು ಮಾತು ಹೇಳಿ, ಎಂದು ಅವಳು ಕೇಳಿಕೊಂಡಳು. ವಾರಕ್ಕೊಮ್ಮೆ ಕೇಳಿಕೊಂಡಳು. ಅವರು ಬಲೆಯ ನೂಲು ಬಿಡಿಸುತ್ತಾ ಕೂತಿರುವರು, ಇಲ್ಲವೇ ಬಾವಿಗೆ ಹೋಗುವರು.

ಒಂದು ದಿನ ಮಾತ್ರ ತಿರುಗಿ ಕೇಳಿದರು.

"ತೊರಕೆಯ ಕಣ್ಣು ಎಲ್ಲಿ?"

"ಮೇಲೆ."

"ಬಾಯಿ?"

"ಅಡಿಯಲ್ಲಿ."

"ಹಾಗಾದರೆ ತಿನ್ನುವುದನ್ನು ಅದು ನೋಡ್ತದಾ?"

ಸೀತು ಯೋಚಿಸಿದಳು. "ಇಲ್ಲ."

"ಹುಟ್ಟಿದಂದಿನಿಂದ ಸಾಯುವವರೆಗೆ ತಿಂತದೆ. ಒಂದು ತುತ್ತನ್ನೂ ನೋಡಿರುವುದಿಲ್ಲ. ಇದನ್ನು ಇಟ್ಟುಕೋ."

ಸೀತು ಇಟ್ಟುಕೊಂಡಳು. ಎಷ್ಟು ಚೆನ್ನಾಗಿ ಹೇಳಿದರು ಶೀನನ ಬಗ್ಗೆ ಎಂದುಕೊಂಡಳು. ಬಹಳ ದಿನಗಳ ಮೇಲೆ ಅವತ್ತು ಅವಳಿಗೆ ಊಟ ರುಚಿಸಿತು.

ಎರಡನೆಯ ವರ್ಷದ ಚಳಿಗಾಲದಲ್ಲಿ ಚೀಲ ಸಿಕ್ಕಿತು.

ಅಕ್ಕಿ ತರಲು ಪೇಟೆಗೆ ಹೋಗುವ ದಾರಿ ಧಕ್ಕೆಯ ಹಿಂದಿನಿಂದ. ಅಲ್ಲಿ ಕಸಮೀನಿನ ರಾಶಿ ಬಿದ್ದಿತ್ತು. ಯಾರೂ ತಿನ್ನದ ಸಣ್ಣಪುಟ್ಟ ಜೀವಗಳು, ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವಂಥವು. ಅದರ ಅಂಚಿನಲ್ಲಿ ಅದೇ ಕಂದು ಬಣ್ಣ. ತೊಗಲಿನಂಥ ಚೀಲ, ನಾಲ್ಕು ಮೂಲೆಗೂ ಒಂದೊಂದು ಬಾಗಿದ ಕೊಂಬು. ಸೀತು ಅದನ್ನು ಎತ್ತಿ ಬಿಸಿಲಿಗೆ ಹಿಡಿದಳು. ಒಳಗೆ ಹೆಬ್ಬೆರಳಿನಷ್ಟು ದೊಡ್ಡ ನೆರಳು. ಆ ನೆರಳಿಗೆ ದಾರದಂಥ ಬಾಲ. ಬಾಲ ಆಡುತ್ತಿತ್ತು.

ಅಕ್ಕಿ ಮರೆತು, ಸೆರಗನ್ನು ಕಡಲಿಗೆ ಅದ್ದಿ ಚೀಲಕ್ಕೆ ಸುತ್ತಿಕೊಂಡು ಓಡಿಬಂದಳು.

"ಅಜ್ಜಯ್ಯ, ಇಲ್ಲಿ ನೋಡಿ. ಜೀವ ಉಂಟು."

ಅಜ್ಜಯ್ಯ ಅವಳ ಕೈಯಲ್ಲಿದ್ದದ್ದರ ಕಡೆ ಒಂದು ಗಳಿಗೆ ನೋಡಿದರು. ಮರುಗಳಿಗೆ ಬೆನ್ನು ತಿರುಗಿಸಿ ಕೂತರು.

"ಬಿಸಿಲಿಗೆ ಹಿಡಿದರೆ ಕಾಣ್ತದೆ. ಬನ್ನಿ."

"ನೀನು ನೋಡು," ಎಂದರು ಅವರು ಆ ಕಡೆಗೇ ಮುಖ ಮಾಡಿ.

ಬೆನ್ನು ತಿರುಗಿಸಿಕೊಂಡೇ ಎಲ್ಲವನ್ನೂ ಹೇಳಿದರು. ದಡದ ತೊರಕೆ ಮರಿ ಹಾಕುತ್ತದೆ, ತಣ್ಣೀರಿನದು ಇಂಥ ಚೀಲ ಇಡುತ್ತದೆ. ಒಮ್ಮೆಗೆ ಎರಡು ಮಾತ್ರ. ಬಿಸಿಲು ಎಂದೂ ಇಳಿಯದ ಕಡಲತಳದ ಕೆಸರಿನ ಮೇಲೆ ಇಟ್ಟು ತಾಯಿ ಹೊರಟುಹೋಗುತ್ತದೆ, ತಿರುಗಿ ಬರುವುದಿಲ್ಲ. ಕೊಂಬುಗಳಲ್ಲಿ ಸಣ್ಣ ಸೀಳುಗಳಿರುತ್ತವೆ. ಒಳಗಿನ ಮರಿ ಬಾಲ ಬೀಸಿ ಬೀಸಿ ಆ ಸೀಳುಗಳಿಂದ ಹೊಸನೀರು ಎಳೆದುಕೊಳ್ಳಬೇಕು. ಒಂದು ವರ್ಷ. ನೀರು ಬಹಳ ತಣ್ಣಗಿದ್ದರೆ ಇನ್ನೂ ಹೆಚ್ಚು.

"ಒಂದು ವರ್ಷ ಕತ್ತಲೆಯಲ್ಲಿ ಒಂದೇ ಸಮ ಬಾಲ ಬೀಸಬೇಕು. ನಿಲ್ಲಿಸಿದರೆ ಮುಗೀತು. ಅದರ ಬದುಕು ಅಷ್ಟೇ."

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

"ನೋಡಿದ್ದೇನೆ."

ಹೇಗೆ, ಎಲ್ಲಿ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ತಣ್ಣೀರಿನ ಜೀವಕ್ಕೆ ತಣ್ಣೀರೇ ಬೇಕು. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು ಸಂಜೆ ವಾಪಸು ಬರುವಾಗ ಉಳಿದ ಐಸು ಕೊಡಲು ಒಪ್ಪಿದರು. ಏನಮ್ಮಾ ಸನ್ಯಾಸಿನಿ, ಶರಬತ್ತಿಗಾ ಎಂದು ಚುಡಾಯಿಸಿದರು. ಮೊದಲ ದಿನ ಸೀತು ಮಡಕೆಯಲ್ಲಿ ಕಡಲನೀರು ತುಂಬಿ, ಚೀಲವನ್ನಿಟ್ಟು, ಸಿಕ್ಕಿದ ಐಸನ್ನೆಲ್ಲ ಅದರೊಳಗೇ ಸುರಿದಳು. ಒಳ್ಳೆಯದನ್ನೇ ಮಾಡಿದೆ ಎಂದು ಮಲಗಿದಳು.

ಮರುದಿನ ಅಜ್ಜಯ್ಯನೇ ಗಂಜಿ ಬಡಿಸಿದರು. ಉಪ್ಪಿರಲಿಲ್ಲ. ಉಪ್ಪಿನಕಾಯಿಯೂ ಇರಲಿಲ್ಲ. ಸೀತು ಎರಡು ತುತ್ತು ತಿಂದು ಕೈ ನಿಲ್ಲಿಸಿದಳು.

"ಅಜ್ಜಯ್ಯ, ಉಪ್ಪು ಹಾಕಲಿಲ್ಲ."

"ನಿನಗೆ ಒಂದು ಹೊತ್ತಿಗೆ ಆಗುವುದಿಲ್ಲ. ಅದಕ್ಕೆ ನಿನ್ನೆಯಿಂದ."

ಅವಳಿಗೆ ಹೊಳೆಯಿತು. ಐಸೆಂದರೆ ಸಿಹಿನೀರು. ಬಟ್ಟಲು ಬಿಟ್ಟು ಓಡಿದಳು. ಬಾಲ ಇನ್ನೂ ಆಡುತ್ತಿತ್ತು, ಸೋತ ಕೈಯಿಂದ ಬೀಸಣಿಗೆ ಬೀಸಿದ ಹಾಗೆ. ನೀರು ಬದಲಾಯಿಸಿದಳು. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವಿನ ಜಾಗಕ್ಕೆ ಮಾತ್ರ ಐಸು ತುಂಬಿ, ಸುತ್ತ ಒದ್ದೆ ಗೋಣಿ ಕಟ್ಟಿದಳು. ಅಜ್ಜಯ್ಯ ಅತ್ತ ಬರಲಿಲ್ಲ. ತಿಂಗಳುಗಟ್ಟಲೆ ಬರಲಿಲ್ಲ. ಅವಳು ಚೀಲವನ್ನು ಬಿಸಿಲಿಗೆ ಹಿಡಿದಾಗಲೆಲ್ಲ ಅವರಿಗೆ ಬಾವಿಯ ಹತ್ತಿರ ಏನೋ ಕೆಲಸ ಬರುತ್ತಿತ್ತು.

ದಿನಾ ಉಬ್ಬರದ ಹೊತ್ತಿಗೆ ಕಡಲಿನ ಕಡೆಯಿಂದ ಎರಡು ಕೊಡ ನೀರು ಹೊರಬೇಕು. ಅಳಿವೆಯ ಅರೆಸಿಹಿ ನೀರು ಆಗದು. ಹೊರುವಾಗ ಪ್ರತಿ ಹೆಜ್ಜೆಗೂ ಸೀತು ಅಣ್ಣನನ್ನು ಬೈಯುತ್ತಿದ್ದಳು. ಅವನ ನಗು, ಕೊಕ್ಕೆ, ಸಿಮೆಂಟಿನ ಮೇಲೆ ಒಡೆದ ಚೀಲ. ಒಂದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಅವಳಿಗೇ ಅನುಮಾನ ಬಂತು.

"ಅಜ್ಜಯ್ಯ, ಈ ಸಿಟ್ಟು ಬಿಡಬೇಕಾ?"

"ಕೊಡ ಹೊರುವುದು ಯಾರು?"

"ನಾನು."

"ನೀನಾ, ಸಿಟ್ಟಾ?"

ಸೀತು ಸುಳ್ಳು ಹೇಳಲಿಲ್ಲ. "ಸಿಟ್ಟೇ."

"ಹಾಗಾದರೆ ಇರಲಿ. ನೀರು ಬರಬೇಕಲ್ಲ."

ಬೇಸಿಗೆ ಮುಗಿಯುವ ಹೊತ್ತಿಗೆ ನೆರಳು ಚೀಲದ ತುಂಬ ಬೆಳೆದಿತ್ತು. ಎರಡು ರೆಕ್ಕೆ ಮಡಿಚಿಕೊಂಡು ಮಲಗಿದ ಆಕಾರ ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣಿನ ಎರಡು ಚುಕ್ಕೆಗಳೂ ಮೂಡಿದ್ದವು. ಸೀತು ಅದಕ್ಕೆ ಹೆಸರಿಡಲಿಲ್ಲ. ಹೆಸರಿಡಲು ಹೆದರಿದಳು.

ಆಮೇಲೆ ಕಡಲು ಮುಚ್ಚಿತು. ಮಳೆಗಾಲದ ಎರಡು ತಿಂಗಳು ಬೋಟುಗಳು ಇಳಿಯುವಂತಿಲ್ಲ. ಬೋಟಿಲ್ಲದೆ ಐಸಿನ ಕಾರ್ಖಾನೆಗೇನು ಕೆಲಸ, ಅದೂ ಬಾಗಿಲು ಹಾಕಿತು. ಹೆಂಗಸರು ಬುಟ್ಟಿ ಕವುಚಿಟ್ಟರು. ಮೊದಲ ದಿನ ಗೋಣಿಗೆ ಬಾವಿನೀರು ಹನಿಸಿ ಹೇಗೋ ಕಳೆಯಿತು. ಎರಡನೆಯ ದಿನ ಸಣ್ಣ ಮಡಕೆಯ ನೀರು ಕೈಗೆ ಬೆಚ್ಚಗೆ ತಾಗಿತು. ಮೂರನೆಯ ಬೆಳಿಗ್ಗೆ ಬಾಲ ಒಮ್ಮೆ ಆಡಿತು. ಸೀತು ಇಪ್ಪತ್ತು ಎಣಿಸಿದ ಮೇಲೆ ಇನ್ನೊಮ್ಮೆ ಆಡಿತು.

ಇಡೀ ಊರಿನಲ್ಲಿ ಐಸು ಉಳಿದಿದ್ದದ್ದು ಒಂದೇ ಕಡೆ. ಶೀನನ ಕೊಟ್ಟಿಗೆಯ ಶೀತಲ ಪೆಟ್ಟಿಗೆಯಲ್ಲಿ.

ನೀವು ಹೇಳಿದರೆ ಕೊಡುತ್ತಾನೆ, ನೀವೇ ಹೋಗಿ ಎಂದು ಸೀತು ಅಜ್ಜಯ್ಯನನ್ನು ಬೇಡಿದಳು. ನಾನು ಹೋಗುವುದಿಲ್ಲ, ಸತ್ತರೂ ಹೋಗುವುದಿಲ್ಲ ಎಂದಳು.

"ಯಾರು ಸತ್ತರೂ?" ಎಂದರು ಅಜ್ಜಯ್ಯ.

ಆ ಮಾತಿಗೆ ಅವಳಿಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ಹೊರಟಳು.

ಶೀನ ಕೊಟ್ಟಿಗೆಯಲ್ಲಿ ಬಲೆ ಹರಡಿಕೊಂಡು ಹರಿದದ್ದನ್ನು ಕಟ್ಟುತ್ತಿದ್ದ. ಪಕ್ಕದಲ್ಲಿ ಕೈಗಾತ್ರದ ಸರಪಳಿ ಸುರುಳಿ ಸುತ್ತಿ ಬಿದ್ದಿತ್ತು. ಬಲೆಯ ಬುಡಕ್ಕೆ ಕಟ್ಟುವ ಸರಪಳಿ, ಕಡಲತಳವನ್ನು ಕೆರೆದುಕೊಂಡು ಹೋಗುವಂಥದ್ದು. ತಂಗಿಯನ್ನು ಕಂಡು ಅವನ ಕೈ ನಿಂತಿತು. ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಮಾಮೂಲಿನ ನಗು ಬಂತು.

"ಐಸು ಬೇಕು," ಎಂದಳು ಸೀತು. ಎರಡೂವರೆ ವರ್ಷದಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು.

"ಆಶ್ರಮದಲ್ಲೂ ಸೆಕೆಯಾ? ಧ್ಯಾನಕ್ಕೆ ಕೂತವರು ಬೆವರ್ತಾರಾ?"

ಅವಳು ಯಾಕೆಂದು ಹೇಳಿದಳು. ಒಂದೇ ಉಸಿರಿಗೆ, ಅವನ ಮುಖ ನೋಡದೆ. ನಗುತ್ತಾನೆ ಎಂದು ಕಾದಳು. ಅವನು ನಗಲಿಲ್ಲ.

"ಏಳು ತಿಂಗಳು ಬದುಕಿಸಿದ್ದೀಯಾ?"

"ಹೌದು."

"ಅಲ್ಲಿ ಕೂತು ಏಳು ತಿಂಗಳು ನನಗೆ ಶಾಪ ಹಾಕಿದ್ದೀಯಾ."

"ಹೌದು."

ಶೀನ ಕಾಲಿನಿಂದ ಸರಪಳಿಯನ್ನು ಅವಳ ಕಡೆ ತಳ್ಳಿದ. ಅದು ಸಿಮೆಂಟಿನ ಮೇಲೆ ಕರಕರ ಎಂದಿತು.

"ಇದನ್ನು ಬಲೆಗೆ ಕಟ್ಟುವುದು ನನಗೆ ಕನಸಲ್ಲಿ ಬಂದದ್ದಾ, ಸೀತು? ಈ ಬಂದರಿಗೆ ಮೊದಲು ಸರಪಳಿ ತಂದವರು ಯಾರು? ನನ್ನ ಕೈ ಹಿಡಿದು ಈ ಗಂಟು ಹಾಕಿಸಿದವರು ಯಾರು? ಹೋಗಿ ನಿನ್ನ ಅಜ್ಜಯ್ಯನನ್ನು ಕೇಳು. ಇಡೀ ಕರಾವಳಿಗೆ ನಾನೊಬ್ಬನೇ ಪಾಪಿ ಅಲ್ಲ."

ಸೀತು ಬಗ್ಗಿ ಸರಪಳಿಯ ಒಂದು ಕೊಂಡಿಯನ್ನು ಮುಟ್ಟಿ ನೋಡಿದಳು.

ಶೀನನೇ ಎದ್ದು ಐಸಿನ ದೊಡ್ಡ ತುಂಡು ಒಡೆದ. ಭತ್ತದ ಹೊಟ್ಟು ಸವರಿ, ಗೋಣಿಯಲ್ಲಿ ಸುತ್ತಿ, ಅವಳ ತಲೆಯ ಮೇಲೆ ತಾನೇ ಎತ್ತಿಟ್ಟ. ನಾಳೆಯೂ ಬಾ ಎಂದು ಬಲೆಯ ಕಡೆ ನೋಡುತ್ತಾ ಹೇಳಿದ.

ಮರಳದಾರಿಯಲ್ಲಿ ಐಸು ಕರಗಿ ಅವಳ ಕುತ್ತಿಗೆಗೆ, ಬೆನ್ನಿಗೆ ಇಳಿಯಿತು. ಅವಳಿಗೆ ತಿಳಿಯಲಿಲ್ಲ. ಎರಡೂವರೆ ವರ್ಷ ಒಬ್ಬನ ಮೇಲಿದ್ದ ಸಿಟ್ಟು ಇಡಿಯಾಗಿ ಎದ್ದು ಇನ್ನೊಬ್ಬರ ಕಡೆಗೆ ತಿರುಗಿತ್ತು.

ಅಜ್ಜಯ್ಯ ದೋಣಿಯ ಹಲಗೆಯ ಮೇಲೆ ಕೂತಿದ್ದರು. ಸೀತು ಹೊರೆ ಇಳಿಸದೆ ಅವರೆದುರು ನಿಂತಳು.

"ಸರಪಳಿ ನಿಮ್ಮದಾ?"

"ಹೌದು."

ಅಷ್ಟು ಬೇಗ ಉತ್ತರ ಬರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಆಮೇಲೆ ಅವಳು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ನಿಮ್ಮ ಕಾಲ ಬಳಿ ಕೂತು ನಮ್ಮಣ್ಣನನ್ನು ಬೈದೆ, ನೀವು ಹರಿಕಥೆ ಕೇಳಿದ ಹಾಗೆ ಕೇಳಿದಿರಿ ಎಂದಳು. ನನ್ನ ಸಿಟ್ಟಿನಿಂದ ನೀರು ಹೊರಿಸಿದಿರಿ ಎಂದಳು. ಶೀನನಾದರೂ ಎದುರಿಗೆ ನಕ್ಕ, ನೀವು ಒಳಗೇ ನಗುತ್ತಿದ್ದಿರಿ ಎಂದಳು. ಅಜ್ಜಯ್ಯ ತಲೆ ತಗ್ಗಿಸಲಿಲ್ಲ, ಅಡ್ಡ ಮಾತಾಡಲಿಲ್ಲ. ಅವಳ ಉಸಿರು ಮುಗಿಯುವವರೆಗೂ ಕೇಳಿಸಿಕೊಂಡರು.

"ಯಾಕೆ ಹೇಳಲಿಲ್ಲ?"

"ನೀನು ನಿನ್ನ ಅಣ್ಣನ ಬಗ್ಗೆ ಕೇಳ್ತಿದ್ದೆ."

"ಕಣ್ಣು ಮೇಲೆ, ಬಾಯಿ ಅಡಿಗೆ ಅಂದಿರಲ್ಲ. ಅದು ಅವನ ಬಗ್ಗೆ ಅಲ್ವಾ?"

"ಅದು ನನ್ನ ಬಗ್ಗೆ."

ಅಜ್ಜಯ್ಯ ತಮ್ಮ ಅಂಗೈಗಳನ್ನು ನೋಡಿಕೊಂಡರು. ನಿಧಾನವಾಗಿ ಹೇಳಿದರು. ಸರಪಳಿ ಕಟ್ಟಿದ ಎರಡನೆಯ ವರ್ಷ ಯಾರೂ ಹೋಗದ ಆಳಕ್ಕೆ ಬಲೆ ಇಳಿಸಿದರಂತೆ. ಎಳೆದಾಗ ಭಾರ ಬಂತು. ಎಲ್ಲರೂ ಮೀನೆಂದು ಕೂಗಿದರು. ಮೇಲೆ ಬಂದದ್ದು ಚೀಲ. ಬಲೆಯ ಕಣ್ಣುಕಣ್ಣಿಗೂ ಕೊಂಬು ಸಿಕ್ಕಿಕೊಂಡಿತ್ತು. ತೊರಕೆಗಳು ತಲೆಮಾರುಗಳಿಂದ ಬಂದು ಚೀಲ ಇಡುತ್ತಿದ್ದ ಜಾಗವೇ ಅದಾಗಿತ್ತು.

"ಮಧ್ಯಾಹ್ನದ ಬಿಸಿಲು. ಬಲೆ ಮೇಲೆ ತೂಗ್ತಾ ಇತ್ತು. ಬಿಸಿಲು ಹಿಂದಿನಿಂದ ಬಿತ್ತು, ಮಗಾ. ಒಂದೊಂದು ಚೀಲದಲ್ಲೂ ಬಾಲ ಆಡ್ತಾ ಇತ್ತು."

"ಏನು ಮಾಡಿದಿರಿ?"

"ಕೊಡವಿದೆವು. ಕೊಂಬು ಬಿಡಲಿಲ್ಲ. ಕೋಲಿನಿಂದ ಬಡಿದು ಉದುರಿಸಿದೆವು. ಅದೇ ಜಾಗಕ್ಕೆ ಮತ್ತೆ ಬಲೆ ಬಿಡಿ ಅಂದೆ. ಅಂದವನು ನಾನೇ."

ಗಾಳಿಮರ ಸುಯ್ಯೆಂದಿತು. ಸೀತುವಿನ ತಲೆಯ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಐಸು ಕರಗ್ತಾ ಉಂಟು," ಎಂದರು ಅಜ್ಜಯ್ಯ. "ನನ್ನನ್ನು ಬೈಯಲು ನಾಳೆಯೂ ಆಗ್ತದೆ."

ಅದೂ ಅವಳಿಗೆ ಸಿಟ್ಟೇ ತಂದಿತು, ಮಾತು ನಿಜವಾಗಿತ್ತೆಂಬ ಕಾರಣಕ್ಕೆ. ಗೋಣಿ ಇಳಿಸಿ ಐಸು ಕುಟ್ಟಿದಳು. ಅಜ್ಜಯ್ಯ ಮಡಕೆ ಹಿಡಿಯಲು ಎದ್ದು ಬಂದರು.

"ಮುಟ್ಟಬೇಡಿ."

ಅವರು ಚಾಚಿದ ಕೈಯನ್ನು ಹಿಂದೆಗೆದುಕೊಂಡು ಹೋಗಿ ಕೂತರು.

ಸೀತು ನಡುವಿನ ಜಾಗಕ್ಕೆ ಐಸು ತುಂಬಿದಳು, ಹೊಸ ಕಡಲನೀರು ತಂದು ಸಣ್ಣ ಮಡಕೆಗೆ ಸುರಿದಳು, ಗೋಣಿ ಬಿಗಿದಳು. ಅದರ ಪಕ್ಕದಲ್ಲೇ ಕೂತಳು. ಉಣ್ಣಲಿಲ್ಲ. ಮೋಡ ಒಡೆದು ಇಳಿಬಿಸಿಲು ಮರಳಿನ ಮೇಲೆ ಬಿದ್ದಾಗ ನೀರು ಬೆರಳು ಮರಗಟ್ಟುವಷ್ಟು ತಣ್ಣಗಾಗಿತ್ತು. ಚೀಲ ಎತ್ತಿ ಬೆಳಕಿಗೆ ಹಿಡಿದಳು.

ನೆರಳು ಅಲುಗಲಿಲ್ಲ.

ಅವಳು ಎಣಿಸಿದಳು. ಇಪ್ಪತ್ತಾಯಿತು. ಮೂವತ್ತಾಯಿತು. ಚೀಲವನ್ನು ನೀರಿಗೆ ಅದ್ದಿ ಮತ್ತೆ ಎತ್ತಿದಳು. ಅವಳ ಹಲ್ಲು ಒಂದಕ್ಕೊಂದು ಒತ್ತಿಕೊಂಡಿತ್ತು. ಯಾರ ಮೇಲಿನ ಸಿಟ್ಟು ಎಂದು ಆ ಹೊತ್ತಿಗೆ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಬಾಲ ಆಡಿತು.

ಒಮ್ಮೆ. ಆಮೇಲೆ ಇನ್ನೊಮ್ಮೆ. ಆಮೇಲೆ ಬಿಡದೆ, ಒಂದೇ ಸಮ, ಯಾರೂ ತನ್ನನ್ನು ನೋಡುತ್ತಿಲ್ಲ ಎಂಬಂತೆ.

ಹಿಂದಿನಿಂದ ಸದ್ದು ಕೇಳಿತು. ಒಣಮರಳಿನ ಮೇಲೆ ಎರಡು ಪಾದ ಎಳೆದು ಎಳೆದು ಬರುವ ಸದ್ದು. ದಡದ ಮೇಲೆ ಅಜ್ಜಯ್ಯ ಹಾಗೆ ನಡೆದದ್ದನ್ನು ಸೀತು ಯಾವತ್ತೂ ಕೇಳಿರಲಿಲ್ಲ. ತಿರುಗಿ ನೋಡಲಿಲ್ಲ. ಸರಿದು ಹೋಗಲೂ ಇಲ್ಲ. ಚೀಲವನ್ನು ಬಿಸಿಲಿಗೆ ಹಿಡಿದೇ ಇದ್ದಳು.

ಸದ್ದು ನಾಲ್ಕು ಮಾರು ದೂರದಲ್ಲಿ ನಿಂತಿತು.

"ಮಗಾ," ಎಂದರು ಅಜ್ಜಯ್ಯ, "ನನಗೂ ಒಂದು ಸಲ ತೋರಿಸ್ತೀಯಾ?"